ಕೂಳು, ನುಪ್ಪು, ಚೋರು, ಅನ್ನ

ಅಣ್ಣನ ಮಗಳು ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಒಂದು ಮಧ್ಯಾಹ್ನ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಮೇಜಿನ ಮೇಲೆ ನಾಲ್ಕು ತಟ್ಟೆ, ನಡುವೆ ಒಂದು ಬಟ್ಟಲಲ್ಲಿ ಪಂದಿ ಕರಿ, ಅದರ ಪಕ್ಕ ಬಿಳಿ ಉಂಡೆಗಳು. ಕಡಂಬುಟ್ಟು. ಕೆಳಗೆ ಒಂದೇ ಸಾಲು: "ಅತ್ತೆ, ಇವತ್ತು ಕ್ಲಾಸಿಲ್ಲ, ಹೊರಗೆ ಊಟ!"

ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಇದೇ ಕಡಂಬುಟ್ಟನ್ನು ನನ್ನ ಅಮ್ಮ ಮನೆಯಲ್ಲಿ ಮಾಡಿದರೆ ಈ ಹುಡುಗಿ "ಪುನಃ ಇದಾ?" ಎಂದು ಮೂತಿ ತಿರುಗಿಸುತ್ತಾಳೆ. ಅಕ್ಕಿ ತರಿಯನ್ನು ನೀರಲ್ಲಿ ಕುದಿಸಿ, ಕೈ ಸುಡುವ ಬಿಸಿಯಲ್ಲೇ ಉಂಡೆ ಕಟ್ಟಿ, ಹಬೆಗಿಟ್ಟು ಇಳಿಸುವ ಹೊತ್ತಿಗೆ ಅಮ್ಮನ ಸೊಂಟ ಹಿಡಿದಿರುತ್ತದೆ. ಆ ಉಂಡೆಗೆ ಇಲ್ಲದ ಮರ್ಯಾದೆ ಹೋಟೆಲಿನ ಉಂಡೆಗೆ. ಹಾಗಂತ ಬರೆದು ಕಳಿಸಿದೆ. "ಅತ್ತೆ, ಇಲ್ಲಿದು ಟೇಸ್ಟೇ ಬೇರೆ" ಎಂದು ಉತ್ತರ ಬಂತು. ಬೇರೆ ಇರಲೇಬೇಕು. ಅಜ್ಜಿ ಎದುರಿಗೆ ಕೂತು "ಇನ್ನೊಂದು ಹಾಕಿಕೋ" ಅನ್ನುವುದಿಲ್ಲವಲ್ಲ.

ನಾನು ಅದೇ ಊರಿನಲ್ಲಿ ಓದಿದವಳು. 2000ದಿಂದ 2003ರವರೆಗೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿನಲ್ಲಿ. ಆ ಮೂರು ವರ್ಷದಲ್ಲಿ ಗೆಳೆಯರ ಜೊತೆ ಹೋಟೆಲಿನಲ್ಲಿ ಕೂತು ಮಧ್ಯಾಹ್ನದ ಊಟ ಮಾಡಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದೆ. ಚಹಾ, ಬನ್ಸು, ಗೋಳಿಬಜೆ ಬಿಟ್ಟರೆ, ಸರಿಯಾಗಿ ಊಟ ಅಂತ ಮಾಡಿದ್ದು ಒಂದೇ ಸಲ. ಅದು ಈಗಲೂ ತಟ್ಟೆ ತಟ್ಟೆಯಾಗಿ ನೆನಪಿದೆ. ಪರೀಕ್ಷೆಗೆ ಓದಿದ್ದು ಒಂದೂ ನೆನಪಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ಮಡಿಕೇರಿ ಎಂದರೆ ಈಗ ಎಲ್ಲರಿಗೂ ರಾಜಾಸೀಟು, ಮಂಜು, ಹೋಂ ಸ್ಟೇ. ನಮಗೆ ಅದು ಓದುವ ಊರು, ಕಚೇರಿಗೆ ಬರುವ ಊರು, ಶುಕ್ರವಾರದ ಸಂತೆಯ ಊರು. ಮುದ್ದುರಾಜ 17ನೇ ಶತಮಾನದ ಕೊನೆಗೆ ಇಲ್ಲಿ ಕೋಟೆ ಕಟ್ಟಿದ. ಮುದ್ದುರಾಜಕೇರಿ ಸವೆದು ಮಡಿಕೇರಿಯಾಯಿತು, ಬ್ರಿಟಿಷರ ಬಾಯಲ್ಲಿ ಮರ್ಕೆರಾ ಆಯಿತು. 1834ರಲ್ಲಿ ರಾಜನನ್ನು ಇಳಿಸಿ ಅವರು ಊರು ಹಿಡಿದರು. ಅಲ್ಲಿಂದ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇದೊಂದು ಪುಟ್ಟ ರಾಜಧಾನಿ. ಕಾಲೇಜು ಶುರುವಾದದ್ದು 1949ರಲ್ಲಿ. ಅದೇ ವರ್ಷ ಜನವರಿ 15ಕ್ಕೆ ಕಾರ್ಯಪ್ಪನವರು ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಕಾಲೇಜಿಗೆ ಅವರ ಹೆಸರು ಬಂದದ್ದು ಆಮೇಲೆ.

ಯೂನಿವರ್ಸಿಟಿ ಮಾತ್ರ ನಮಗೆ ಯಾವಾಗಲೂ ಜಿಲ್ಲೆಯ ಹೊರಗೇ ಇತ್ತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಗುವವರೆಗೆ ಮೈಸೂರು, ಆಮೇಲೆ ಮಂಗಳೂರು. ಮಾರ್ಕ್ಸ್‌ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾದರೆ ಸಂಪಾಜೆ ಘಾಟಿ ಇಳಿದು ಕೊಣಾಜೆಗೆ ಹೋಗಬೇಕು. ಈಗ ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಬಂದಿದೆ. ಹಾಲು ಹಲ್ಲು ಬೀಳುವ ಮೊದಲೇ, 2025ರಲ್ಲಿ, ಅದನ್ನು ಮುಚ್ಚುವ ಮಾತೂ ಬಂತು. ಅದರ ಜಗಳ ಇಲ್ಲಿ ಬೇಡ. ಊಟದ ವಿಷಯಕ್ಕೆ ಬರೋಣ.

ನಮ್ಮ ಕಾಲದಲ್ಲಿ ಹೋಟೆಲಿಗೆ ಹೋಗುವುದು ಎಂದರೆ ಮನೆಯಲ್ಲಿ ಇಲ್ಲದ್ದನ್ನು ತಿನ್ನಲು ಹೋಗುವುದು. ಅನ್ನ, ರೊಟ್ಟಿ, ಪುಟ್ಟು, ಕಣಿಲೆ, ಕೆಸುವಿನ ಸೊಪ್ಪು ಮನೆಯಲ್ಲಿ ಬೇಕಾದಷ್ಟು. ಬೇಡ ಅಂದರೂ ಇತ್ತು. ನಾವು ಹೋಗಬಹುದಾದ ಹೋಟೆಲುಗಳಲ್ಲಿ ಎರಡೇ ಬಗೆ. ಒಂದು ಮಸಾಲೆ ದೋಸೆಯದ್ದು. ಇನ್ನೊಂದು ಪರೋಟ, ಮೀನ್ ಸಾರಿನದ್ದು. ಪಂದಿ ಕರಿ ಬಾರುಗಳಲ್ಲಿ ಸಿಗುತ್ತಿತ್ತಂತೆ, ಅದು ನಾವು ಕಾಲಿಡುವ ಜಾಗವಲ್ಲ. ದುಡ್ಡು ಕೊಟ್ಟು ಕಡಂಬುಟ್ಟು ತಿನ್ನುವುದು ಎಂದರೆ ದುಡ್ಡು ಕೊಟ್ಟು ಬಾವಿ ನೀರು ಕುಡಿದ ಹಾಗೆ.

ಇನ್ನೊಂದು ಅಡ್ಡಿ ಬಸ್ಸು. ನಮ್ಮ ಮನೆ ಚೇರಂಬಾಣೆ ಕಡೆ, ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಕೊಡಗಿನಲ್ಲಿ ರೈಲಿಲ್ಲ, ಬಸ್ಸೇ ಎಲ್ಲ. ಸಂಜೆಯ ಬಸ್ಸು ತಪ್ಪಿದರೆ ನೆಂಟರ ಮನೆ ಹುಡುಕಬೇಕು. ಆ ಬಸ್ಸಿನ ಕಂಡಕ್ಟರಿಗೆ ನನ್ನ ಅಪ್ಪ ಗೊತ್ತು, ಅಜ್ಜ ಗೊತ್ತು, ನಮ್ಮ ಗದ್ದೆಯಲ್ಲಿ ನಾಟಿ ಮುಗಿಯಿತೋ ಇಲ್ಲವೋ ಅದೂ ಗೊತ್ತು. ಹುಡುಗರ ಜೊತೆ ಪೇಟೆಯ ಹೋಟೆಲಿನಲ್ಲಿ ಕೂತರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ. ಆಗ ಯಾರ ಕೈಯಲ್ಲೂ ಮೊಬೈಲಿರಲಿಲ್ಲ. ಬೇಕೂ ಇರಲಿಲ್ಲ.

ಆ ದಿನ ಆಗಸ್ಟಿನದ್ದು, ಎರಡನೇ ವರ್ಷ. ಮಧ್ಯಾಹ್ನದ ಎರಡು ಪೀರಿಯಡ್ ಇಲ್ಲ ಎಂದು ಗೊತ್ತಾಯಿತು. ಮಳೆಯೂ ಸ್ವಲ್ಪ ಬಿಟ್ಟಿತ್ತು. ಮಡಿಕೇರಿಯಲ್ಲಿ ಮಳೆ ಬಿಟ್ಟಿತು ಎಂದರೆ ನಿಂತಿತು ಎಂದಲ್ಲ, ಕೊಡೆ ಮಡಚಿ ಓಡಬಹುದು ಎಂದು. ಡಬ್ಬಿಗಳು ಬೆಳಿಗ್ಗೆ ಹನ್ನೊಂದಕ್ಕೇ ಖಾಲಿಯಾಗಿದ್ದವು. ಹಿಂದಿನ ಬೆಂಚಿನವರ ದಯೆ. "ಪೇಟೆಗೆ ಹೋಗುವನಾ?" ಎಂದದ್ದು ಸಂಪಾಜೆ.

ನಮ್ಮ ಕಾಲೇಜಿನಲ್ಲಿ ಊರಿನ ಹೆಸರೇ ಮನುಷ್ಯರ ಹೆಸರು. ಸಂಪಾಜೆ, ಸುಂಟಿಕೊಪ್ಪ, ನಾಪೋಕ್ಲು, ತಿತಿಮತಿ. ನಾನು ಚೇರಂಬಾಣೆ. ಸಂಪಾಜೆ ಮತ್ತು ಸುಂಟಿಕೊಪ್ಪ ಹುಡುಗರು, ನಾಪೋಕ್ಲು ಹುಡುಗಿ. ತಿತಿಮತಿ ಎಂದರೆ ಹಾಸ್ಟೆಲಿನ ಹುಡುಗ, ನಾಗರಹೊಳೆ ಕಾಡಿನ ಅಂಚಿನ ಹಾಡಿಯಿಂದ ಬಂದ ಯರವ ಬುಡಕಟ್ಟಿನವನು. ಆಶ್ರಮ ಶಾಲೆಯಲ್ಲಿ ಓದಿ ಬಂದಿದ್ದ. ನಮ್ಮ ಐವರಲ್ಲಿ ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಮಾತು ಕಡಿಮೆ, ಲೆಕ್ಕ ಜಾಸ್ತಿ.

ತಲೆಗೆ 20 ರೂಪಾಯಿ ಎಂದು ಮಾತಾಯಿತು. ಸಂಪಾಜೆಯ ಜೇಬಿನಲ್ಲಿ ಹದಿನೈದೇ ಇತ್ತು. ಒಟ್ಟು 95. ಅದನ್ನು ನಾಪೋಕ್ಲು ಕರ್ಚೀಫಿನಲ್ಲಿ ಗಂಟು ಕಟ್ಟಿದಳು.

ಹೋಟೆಲಿನ ಹೆಸರು ಬರೆಯುವುದಿಲ್ಲ. ಅದು ಈಗಿಲ್ಲ. ಒಳಗೆ ಹೋದ ಕೂಡಲೇ ಮಾಲೀಕರು ಗಲ್ಲಾದಿಂದಲೇ ಕೈ ತೋರಿಸಿದರು: "ಫ್ಯಾಮಿಲಿ ರೂಂ." ಆಗಿನ ಹೋಟೆಲುಗಳಲ್ಲಿ ಫ್ಯಾಮಿಲಿ ರೂಂ ಎಂದು ಒಂದು ಇರುತ್ತಿತ್ತು. ರೂಂ ಏನೂ ಅಲ್ಲ, ಪ್ಲೈವುಡ್ಡಿನ ಮೂರು ಗೋಡೆ, ನಾಲ್ಕನೆಯದು ಒಂದು ಪರದೆ. ಆ ಪರದೆಗೆ ಅದುವರೆಗೆ ಊಟ ಮಾಡಿದ ಎಲ್ಲ ಸಂಸಾರಗಳ ಕೈ ಒರೆಸಿದ ಗುರುತು. ನಾವು ಐವರು ಫ್ಯಾಮಿಲಿಯಾಗಿ ಒಳಗೆ ಕೂತೆವು. ಮೇಜು ನಾಲ್ವರದ್ದು. ತಿತಿಮತಿ ಹೊರಗಿಂದ ಸ್ಟೂಲು ಎಳೆದುಕೊಂಡು ಬಂದ.

ಬಡಿಸುವವರು ಬಂದು "ಊಟಕ್ಕೆ ಬೆಳ್ತಿಗೆಯಾ ಕುಚ್ಚಲಾ?" ಎಂದರು. ಮೂವರು ಮೀನ್ ಸಾರಿನ ಊಟ ಹೇಳಿದರು. ನಾನು ಪರೋಟ, ಮೊಟ್ಟೆ ಸಾರು. ಅನ್ನ ಮನೆಯಲ್ಲಿ ದಿನಾ ಇದೆಯಲ್ಲ. ತಿತಿಮತಿ ಗೋಡೆಯ ದರಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ, ತಾನೂ ಪರೋಟ ಎಂದ. "ಸ್ಪೆಷಲ್ ಎಂತದಾದ್ರೂ ಬೇಕಾ?" ಎಂದು ಬಡಿಸುವವರು ಕೇಳಿದರು. ನಾಪೋಕ್ಲು ಸುಮ್ನೆ "ಹೂಂ" ಎಂದಳು. ಸ್ಪೆಷಲ್ ಎಂದರೆ ಮೀನ್ ಫ್ರೈ, ಅದಕ್ಕೆ ಬೇರೆ ದುಡ್ಡು ಎಂದು ಅವಳಿಗೆ ಗೊತ್ತಿರಲಿಲ್ಲ. ಮರ್ಯಾದೆಗೆ ಕೇಳುತ್ತಿದ್ದಾರೆ ಅಂದುಕೊಂಡಳು.

ಪರೋಟ ಬಂತು. ನಾನು ಐದು ತಿಂದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಮಾತು ಅನ್ನದ ಮೇಲೆ ಹೋದದ್ದು ಸುಂಟಿಕೊಪ್ಪದಿಂದ. ಅವನ ಮನೆಯಲ್ಲಿ ಮಲಯಾಳಂ. ಬಡಿಸುವವರೂ ಅದೇ ಭಾಷೆಯವರು ಎಂದು ಗೊತ್ತಾದ ಮೇಲೆ ಅವನಿಗೆ ಧೈರ್ಯ ಬಂತು. "ಕುರಚ್ಚು ಚೋರ್" ಎಂದು ತಟ್ಟೆ ಮುಂದೆ ಮಾಡಿದ. ಸಂಪಾಜೆ ತಡ ಮಾಡಲಿಲ್ಲ. "ಹಿಂದಿ ಕ್ಲಾಸಲ್ಲಿ ಹಾಗೆ ಹೇಳಬೇಡ ಮಾರಾಯ, ಪೊಲೀಸ್ ಬರ್ತಾರೆ" ಎಂದ. ಎಲ್ಲರೂ ನಕ್ಕೆವು. "ನಿಮ್ಮಲ್ಲಿ ಎಂತ ಹೇಳ್ತೀರಿ?" ಎಂದು ಸುಂಟಿಕೊಪ್ಪ ತಿರುಗಿಸಿ ಕೇಳಿದ. ಸಂಪಾಜೆಯ ಮನೆಯಲ್ಲಿ ತುಳು. "ನುಪ್ಪು" ಎಂದ. ಅದಕ್ಕೂ ನಕ್ಕೆವು. ಉಪ್ಪಿನ ತಮ್ಮನ ಹಾಗೆ ಕೇಳಿಸಿತು.

ಆಗ ನಾಪೋಕ್ಲು, ಫ್ರೈ ಮುಳ್ಳು ಬಿಡಿಸುತ್ತಾ, "ನಮ್ಮಲ್ಲಿ ಕೂಳ್" ಎಂದಳು.

ಈ ಸಲದ ನಗು ಬೇರೆ ಥರ. ಕೂಳು ಎಂದರೆ ನಮಗೆ ಬೈಗುಳ. ಕೆಲಸ ಮಾಡದವನಿಗೆ "ಕೂಳಿಗೆ ದಂಡ, ಭೂಮಿಗೆ ಭಾರ" ಎನ್ನುತ್ತೇವೆ. ನನಗೆ ಪರೋಟ ಗಂಟಲಿಗೆ ಸಿಕ್ಕಿತು. ನಾಪೋಕ್ಲು ನಗಲಿಲ್ಲ. ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟು, "ನಿಮ್ಮ ಬೈಗುಳ ನಮ್ಮ ಊಟ. ಏನೀಗ?" ಎಂದಳು.

ಅವಳ ಮಾತು ಎಷ್ಟು ಸರಿ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಹಳಗನ್ನಡದಲ್ಲಿ ಕೂಳು ಎಂದರೆ ಅನ್ನವೇ. ಮರ್ಯಾದೆಯ ಮಾತು. ಅದನ್ನು ಕೆಳಗಿಳಿಸಿ ಬೈಗುಳ ಮಾಡಿದವರು ನಾವು. ನಾಪೋಕ್ಲುವಿನ ಮನೆಮಾತು ಕೊಡವ ತಕ್ಕ್‌ನಲ್ಲಿ ಅದು ಇದ್ದ ಹಾಗೇ ಉಳಿಯಿತು. ಇನ್ನೂ ಒಂದು ತಮಾಷೆ ಇದೆ. ಆ ದಿನ ಮೇಜಿನ ಮೇಲಿದ್ದ ಮಾತುಗಳಲ್ಲಿ ಸರಿಯಾದದ್ದು ನನ್ನದು ಎಂದು ನಾನು ಅಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಕನ್ನಡಕ್ಕೆ ಹತ್ತಿರದ ಅರೆಭಾಷೆ, ಅದರಲ್ಲೂ ಅನ್ನಕ್ಕೆ ಅನ್ನವೇ, ಪುಸ್ತಕದ ಕನ್ನಡದಲ್ಲೂ ಅನ್ನವೇ. ಆದರೆ ಅನ್ನ ಸಂಸ್ಕೃತದಿಂದ ಬಂದದ್ದು. ಅಷ್ಟರಲ್ಲಿ ಎರವಲು ತಂದದ್ದು ನನ್ನದೊಂದೇ!

ಆ ಮೇಜಿನಲ್ಲಿ ನಾವೆಲ್ಲ ಜಗಳವಾಡಿದ್ದು, ನಕ್ಕದ್ದು, ಲೆಕ್ಕ ತಪ್ಪಿದ್ದು ಎಲ್ಲ ಕನ್ನಡದಲ್ಲಿ. ಆದರೆ ಆ ಕನ್ನಡ ನಮ್ಮಲ್ಲಿ ಯಾರ ಮನೆಯದ್ದೂ ಅಲ್ಲ. ನನ್ನದೂ ಅಲ್ಲ, ಹತ್ತಿರದ್ದು ಅಷ್ಟೆ. ಮನೆಯಲ್ಲಿ ಅಜ್ಜಿಯ ಹತ್ತಿರ ಕಾಲೇಜಿನ ಕನ್ನಡ ಮಾತಾಡಿದರೆ "ಎಂತ, ದೊಡ್ಡ ಜನ ಆದಾ?" ಎಂದು ಕೇಳುತ್ತಿದ್ದರು. ಪೇಟೆಯಲ್ಲಿ ಅರೆಭಾಷೆ ಮಾತಾಡಿದರೆ ಹಳ್ಳಿಯವರು ಎಂದು ನೋಡುತ್ತಿದ್ದರು. ಹಾಗಾಗಿ ಬಸ್ಸು ಇಳಿದ ಕೂಡಲೇ ಭಾಷೆ ಬದಲಾಗುತ್ತಿತ್ತು, ಕೊಡೆ ಬಿಚ್ಚಿದಷ್ಟೇ ಸಲೀಸಾಗಿ. ನಾಪೋಕ್ಲಿಗೂ ಹಾಗೆ, ಸಂಪಾಜೆಗೂ ಹಾಗೆ. ಕೊಡಗಿನ ಕನ್ನಡದ ಬಗ್ಗೆ ಮಾತಾಡುವವರು ಇದನ್ನು ಜಾಸ್ತಿ ಹೇಳುವುದಿಲ್ಲ. ಇಲ್ಲಿ ಬಹಳ ಜನರಿಗೆ ಕನ್ನಡ ಹೋಟೆಲಿನ ಮೇಜಿನ ಹಾಗೆ. ಯಾರದ್ದೂ ಅಲ್ಲ, ಎಲ್ಲರೂ ಕೂರಬಹುದು. ಅದಕ್ಕೇ ಅದರ ಮೇಲೆ ನನಗೆ ಪ್ರೀತಿ. ಮನೆಮಾತಿನ ಮೇಲಿನ ಪ್ರೀತಿ ಬೇರೆ, ಇದು ಬೇರೆ.

ಬಿಲ್ಲು ಬಂತು. 106.

ನಾಪೋಕ್ಲು ಗಂಟು ಬಿಚ್ಚಿ ಎಣಿಸಿದಳು. ಪುನಃ ಎಣಿಸಿದಳು. 95 ಎಷ್ಟು ಸಲ ಎಣಿಸಿದರೂ 95. ಊಟ 18ರ ಹಾಗೆ ಮೂರು, ಪರೋಟ 3ರ ಹಾಗೆ ಎಂಟು, ಮೊಟ್ಟೆ ಸಾರು ಎರಡು, ಅದೊಂದು ಫ್ರೈ 12. ಸಂಪಾಜೆ ಫ್ರೈಯ ಮುಳ್ಳನ್ನೇ ನೋಡಿದ. ಸುಂಟಿಕೊಪ್ಪ ತನ್ನ ಭಾಷೆಯ ಬಲದಲ್ಲಿ ಸಾಲ ಹೇಳಿ ಬರುತ್ತೇನೆ ಎಂದು ಎದ್ದ. ತಿತಿಮತಿ "ಬೇಡ" ಎಂದ. ಅವನ ಅಕೌಂಟೆನ್ಸಿ ನೋಟ್‌ಬುಕ್ಕಿಗೆ ಖಾಕಿ ಕಾಗದದ ಬೈಂಡು. ಅದರ ಒಳಮಡಿಕೆಯಿಂದ ಹತ್ತರ ನೋಟು ತೆಗೆದ. ಜೇಬಿನಿಂದ ಒಂದು ರೂಪಾಯಿ ನಾಣ್ಯ.

"ನಿನಗೆ ಹೇಗೆ ಗೊತ್ತಾಯ್ತು ಕಡಿಮೆ ಬೀಳುತ್ತೆ ಅಂತ?" ಎಂದು ಕೇಳಿದೆ.

"ಫ್ರೈ ಬಂದಾಗಲೇ ಗೊತ್ತಾಯಿತು" ಎಂದ. ಅಷ್ಟು ಹೊತ್ತೂ ನಮ್ಮ ನಗುವಿನ ನಡುವೆ ಅವನು ಕೂಡುತ್ತಾ ಕೂತಿದ್ದ. ಪರೋಟ ಮೂರಕ್ಕೇ ನಿಲ್ಲಿಸಿದ್ದೂ ಅದಕ್ಕೇ ಇರಬೇಕು. ಅಥವಾ ಅವನಿಗೆ ಅಷ್ಟೇ ಹಸಿವೋ ಏನೋ. ನಾನು ಅಷ್ಟೊಂದು ಯೋಚನೆ ಮಾಡುವವಳಲ್ಲ ಆಗ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಟೆಗೆ ಹೋದೆವು. ಮಡಿಕೇರಿಯಲ್ಲಿ ಎಲ್ಲಿಗೆ ಹೋಗಬೇಕಾದರೂ ಒಂದೋ ಏರಬೇಕು, ಇಲ್ಲ ಇಳಿಯಬೇಕು. ಐದು ಪರೋಟ ತಿಂದವಳಿಗೆ ಏರು ಕಷ್ಟವೇ ಆಯಿತು. ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಟಿಪ್ಪು. ಒಳಗಿನ ಅರಮನೆ ಲಿಂಗರಾಜೇಂದ್ರನದ್ದು, 1812ರಿಂದ 1814ರವರೆಗೆ ಕಟ್ಟಿದ್ದು. ನಮಗೆ ಅರಮನೆ ಎಂದರೆ ಕಡತಗಳ ಕಚೇರಿ, ಆ ಕಡೆ ನೋಡುತ್ತಲೂ ಇರಲಿಲ್ಲ. ಬ್ರಿಟಿಷರ ಕಾಲದ ಹಳೇ ಚರ್ಚಿನಲ್ಲಿ ಮ್ಯೂಸಿಯಂ ಇದೆ, ಅದರೊಳಗೂ ಹೋಗಲಿಲ್ಲ. ನಾವು ಹೋದದ್ದು ಆನೆಗಳ ಹತ್ತಿರ. ಮೂಲೆಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಎರಡು ಆನೆಗಳಿವೆ. ಕೊಡಗಿನ ಮಕ್ಕಳೆಲ್ಲ ಅಪ್ಪನ ಹೆಗಲಿನಿಂದ ಅವನ್ನು ಮುಟ್ಟಿದವರೇ. ತಿತಿಮತಿ ಮಾತ್ರ ಅವತ್ತೇ ಮೊದಲು ಹತ್ತಿರದಿಂದ ನೋಡಿದ್ದಂತೆ. ಸುತ್ತು ಬಂದ. ಕಾಲು ನೋಡಿದ, ಕಿವಿ ನೋಡಿದ. "ಆನೆ ಹೀಗೆ ನಿಲ್ಲುವುದಿಲ್ಲ" ಎಂದ. ಅಷ್ಟೆ. ಮತ್ತೆ ಅದರ ಬಗ್ಗೆ ಮಾತಿಲ್ಲ. ಹೇಗೆ ನಿಲ್ಲುತ್ತದೆ ಎಂದು ಸುಂಟಿಕೊಪ್ಪ ಕೇಳಿದ್ದಕ್ಕೆ, "ನೋಡಿದ ಮೇಲೆ ನೀನು ನಿಲ್ಲುವುದಿಲ್ಲ" ಎಂದ.

ಸುದ್ದಿ ನನಗಿಂತ ಮೊದಲೇ ಮನೆಗೆ ಹೋಗಿತ್ತು. ನಮ್ಮ ಕಂಡಕ್ಟರ್ ಅಲ್ಲ, ಸಂತೆಗೆ ಬಂದಿದ್ದ ಪಕ್ಕದ ಮನೆಯವರು ನೋಡಿದ್ದರಂತೆ. ಪರದೆಯ ಕೆಳಗೆ ಕಾಣಿಸಿದ ನನ್ನ ಚಪ್ಪಲಿಯಿಂದ ಗುರುತು ಹಿಡಿದದ್ದು! ಅಮ್ಮ ಮಾತು ಬಿಟ್ಟರು. ಅಪ್ಪ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನನ್ನು ಕರೆದರು. ನಾನು ನಡುಗುತ್ತಾ ಹೋಗಿ ನಿಂತೆ.

"ಮೀನು ಯಾವುದಿತ್ತು? ಬಂಗುಡೆಯಾ, ಮತ್ತಿಯಾ?"

"ಬಂಗುಡೆ."

"ಹ್ಮ್" ಎಂದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ಮರುದಿನ ಸಂಪಾಜೆ ತನ್ನ ಪಾಲಿನ 5 ರೂಪಾಯಿಯನ್ನು ತಿತಿಮತಿಗೆ ಕೊಟ್ಟ. ನಾಪೋಕ್ಲೂ ನಾನೂ ಉಳಿದ ಆರು ಕೊಡಬೇಕಿತ್ತು. ಕೊಟ್ಟ ನೆನಪಿಲ್ಲ.

ಕಳೆದ ಜುಲೈಯಲ್ಲಿ ಅಮ್ಮನನ್ನು ನೋಡಲು ಊರಿಗೆ ಹೋಗಿದ್ದೆ. ವಾಪಸ್ ಬರುವ ದಿನ ಮಡಿಕೇರಿಯಲ್ಲಿ ಇಳಿದಾಗ ಅಣ್ಣನ ಮಗಳು ಬಸ್ ಸ್ಟ್ಯಾಂಡಿಗೇ ಬಂದಳು, ಜೊತೆಗೆ ಮೂವರು ಗೆಳತಿಯರು. "ಅತ್ತೆ, ಊಟ ಮಾಡಿಕೊಂಡೇ ಹೋಗಬೇಕು" ಎಂದು ಫೋಟೋದಲ್ಲಿದ್ದ ಅದೇ ಹೋಟೆಲಿಗೆ ಕರೆದುಕೊಂಡು ಹೋದಳು. ಫ್ಯಾಮಿಲಿ ರೂಂ ಇಲ್ಲ, ಪರದೆ ಇಲ್ಲ. ರಸ್ತೆಗೆ ಕಾಣುವ ಹಾಗೆ ಗಾಜು. ಗೋಡೆಯಲ್ಲಿ ಒಡಿಕತ್ತಿ, ಪೀಚೆಕತ್ತಿ ನೇತು ಹಾಕಿದ್ದಾರೆ. ಮೆನು ತೆಗೆದರೆ ನಮ್ಮ ಅಡುಗೆ ಮನೆಯೇ ಅಲ್ಲಿದೆ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಅಕ್ಕಿ ಒಟ್ಟಿ, ಬೈಂಬಳೆ ಕರಿ, ಕುಮ್ಮು ಕರಿ. ಪಂದಿ ಕರಿಗೆ ಹಾಕುವ ಹುಳಿ, ಕಚಂಪುಳಿಯ ಸಣ್ಣ ಸಣ್ಣ ಬಾಟಲಿಗಳು ಗಲ್ಲಾದ ಹತ್ತಿರ ಮಾರಾಟಕ್ಕೆ. ನನ್ನ ಅಜ್ಜಿ ಮಳೆಗಾಲದಲ್ಲಿ ಆ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಒಲೆಯ ಮೇಲಿಟ್ಟು ಕಾಯುತ್ತಿದ್ದದ್ದು ನೆನಪಾಯಿತು. ಹೊಗೆ ಹಿಡಿದ ಸೀಸೆಯಲ್ಲಿ ಇರುತ್ತಿತ್ತು. ಲೇಬಲ್ ಇರಲಿಲ್ಲ.

ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ನಾಚಿಕೆಯಿಂದ ಡಬ್ಬಿಯ ಮುಚ್ಚಳದಡಿ ಮುಚ್ಚಿಕೊಂಡು ತಿನ್ನುತ್ತಿದ್ದ ಊಟ ಈಗ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಕೂತಿದೆ. ಆದರೆ ಮೇಜಿನ ಮಾತಿಗೆ ಕಿವಿ ಕೊಟ್ಟಾಗ ಬೇರೊಂದು ಕೇಳಿಸಿತು. ಆ ಹುಡುಗಿಯರಲ್ಲಿ ಒಬ್ಬಳು ಕೊಡವ ಮನೆಯವಳು. ತಿಂಡಿಗಳ ಹೆಸರನ್ನಷ್ಟೇ ಅವಳು ಕೊಡವದಲ್ಲಿ ಹೇಳುತ್ತಿದ್ದಳು, ಉಳಿದದ್ದೆಲ್ಲ ಕನ್ನಡ, ಇಂಗ್ಲಿಷು. ಮನೆಯಲ್ಲೂ ಹಾಗೇ ಅಂತೆ. ನಮ್ಮ ಹುಡುಗಿಯೂ ಅಷ್ಟೆ, ಅರೆಭಾಷೆ ಅರ್ಥ ಆಗುತ್ತದೆ, ನಾಲಗೆ ಮೇಲೆ ಬರುವುದಿಲ್ಲ. ಅರೆಭಾಷೆಗೆ 2011ರಲ್ಲಿ ಅಕಾಡೆಮಿ ಬಂತು, ಕೊಡವಕ್ಕೆ ಅದಕ್ಕೂ ಮೊದಲೇ ಇತ್ತು. 2011ರ ಜನಗಣತಿಯಲ್ಲಿ ಕೊಡವ ಮಾತಾಡುವವರು ಎಂದು ಬರೆಸಿದವರು ಸುಮಾರು 1.14 ಲಕ್ಷ. ಯುನೆಸ್ಕೊ ಅದನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ಕಾಲದಲ್ಲಿ ಮನೆ ಊಟ ಹೋಟೆಲಿಗೆ ಬರುತ್ತಿರಲಿಲ್ಲ, ಮನೆಮಾತು ಮನೆಯಲ್ಲಿ ಗಟ್ಟಿಯಾಗಿತ್ತು. ಈಗ ಊಟ ಹೊರಗೆ ಬಂದು ಕೂತಿದೆ, ಮಾತು ಒಳಗೂ ಇಲ್ಲ.

ಇದನ್ನು ಹೇಳಿದರೆ ಭಾಷಣ ಆಗುತ್ತದೆ ಎಂದು ಹೇಳಲಿಲ್ಲ. ಬದಲಿಗೆ ನಮ್ಮ 95 ರೂಪಾಯಿಯ ಕಥೆ ಹೇಳಿದೆ. ಫ್ರೈಯ ಹತ್ತಿರ ಬಂದಾಗ ಮೂವರೂ ಬಿದ್ದು ಬಿದ್ದು ನಕ್ಕರು. ಚೋರು, ನುಪ್ಪು, ಕೂಳು ಎಲ್ಲ ಹೇಳಿದೆ. ಕೊಡವ ಹುಡುಗಿ "ಕೂಳ್, ಹೌದಲ್ವಾ!" ಎಂದಳು, ಎಲ್ಲೋ ಇಟ್ಟು ಮರೆತದ್ದು ಸಿಕ್ಕಿದ ಹಾಗೆ.

ಅಣ್ಣನ ಮಗಳು ಬೆರಳು ಮಡಚುತ್ತಾ ಇದ್ದಳು. "ನಾಲ್ಕಾಯ್ತು. ತಿತಿಮತಿಯವರು ಏನಂದ್ರು ಅತ್ತೆ?"

ನಾನು ತಟ್ಟೆ ನೋಡಿದೆ.

ನಾವು ಕೇಳಿರಲಿಲ್ಲ. ಸುಂಟಿಕೊಪ್ಪ ಸಂಪಾಜೆಯನ್ನು ಕೇಳಿದ, ನಾಪೋಕ್ಲು ತಾನೇ ಹೇಳಿದಳು, ನಾನೂ ಹೇಳಿದೆ. ಅವನು ಸ್ಟೂಲಿನ ಮೇಲೆ ಕೂತಿದ್ದ, ಎಲ್ಲರಿಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ. ಅವನಿಗೂ ಒಂದು ಮನೆಮಾತಿದೆ, ಯರವರ ಭಾಷೆ ಎಂದೇ ಒಂದಿದೆ ಎಂದು ನಮಗೆ ಗೊತ್ತಿಲ್ಲ ಎಂದಲ್ಲ. ಗೊತ್ತಿತ್ತು. ಕೇಳಬೇಕು ಅನ್ನಿಸಲಿಲ್ಲ. ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತು ಅವನ ಭಾಷೆಯ ಒಂದು ಶಬ್ದವನ್ನೂ ನಾನು ಕೇಳಿಲ್ಲ. ಈ ಕಥೆಯನ್ನು ಇಷ್ಟು ವರ್ಷದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ನಾಲ್ಕೇ ಶಬ್ದ. ಐದು ಜನ ಎಂದು ನಾನೇ ಹೇಳುತ್ತೇನೆ, ಆದರೂ ನನಗೆ ಲೆಕ್ಕ ತಪ್ಪಿದ್ದು ಗೊತ್ತಾಗಿರಲಿಲ್ಲ. ಅವನಾಗಿದ್ದರೆ ಗೊತ್ತಾಗುತ್ತಿತ್ತು.

"ಕೇಳಲಿಲ್ಲ" ಎಂದೆ.

ಅವಳು ಏನೂ ಹೇಳಲಿಲ್ಲ. ಅಷ್ಟರಲ್ಲಿ ಬಡಿಸುವ ಹುಡುಗ ನೀರಿನ ಜಗ್ಗು ತಂದ. ಅಸ್ಸಾಮಿನವನು. ಈಗ ಕೊಡಗಿನ ತೋಟ, ಹೋಟೆಲು ಎಲ್ಲ ಕಡೆ ಆ ಕಡೆಯ ಜನ. ಬಂದು ಎಂಟು ತಿಂಗಳಾಯಿತಂತೆ. "ಇನ್ನೂ ಕಡಂಬುಟ್ಟು ಬೇಕಾ ಅಕ್ಕ?" ಎಂದು ನನ್ನನ್ನು ಕೇಳಿದ. ಆ 'ಬು'ವನ್ನು ನಮ್ಮ ಹುಡುಗಿಗಿಂತ ಚೆನ್ನಾಗಿ ಹೇಳಿದ.

"ನಿಮ್ಮಲ್ಲಿ ಅನ್ನಕ್ಕೆ ಏನು ಹೇಳ್ತೀರಿ?" ಎಂದು ಅವಳು ಅವನನ್ನು ಕೇಳಿದಳು.

ಅವನಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಜಗ್ಗು ಹಿಡಿದೇ ನಿಂತ. "ಭಾತ್" ಎಂದ.

"ಬಿಸಿಬೇಳೆ ಬಾತ್‌ನ ಬಾತಾ?"

"ಇಲ್ಲ ಇಲ್ಲ, ಅದು ತಿಂಡಿ" ಎಂದ ಗಂಭೀರವಾಗಿ. ಹುಡುಗಿಯರು ನಕ್ಕರು, ಅವನೂ ನಕ್ಕ. ಆಮೇಲೆ ಎರಡೂ ಒಂದೇನಾ ಬೇರೆಯಾ ಎಂದು ಫೋನಿನಲ್ಲಿ ಹುಡುಕಲು ಶುರು ಮಾಡಿದರು. ಬಿಲ್ಲನ್ನೂ ಅದೇ ಫೋನಿನಲ್ಲಿ ಪೈಸೆ ಸಮೇತ ನಾಲ್ಕು ಪಾಲು ಮಾಡಿಕೊಂಡರು. ನನ್ನ ಪಾಲು ಕೊಡಲು ಬಿಡಲಿಲ್ಲ.

ಮೈಸೂರಿಗೆ ನಾನು ಯಾವಾಗಲೂ ಕುಶಾಲನಗರದ ಮೇಲೆ ಬರುವುದು, ಅದು ಹತ್ತಿರ. ಆ ದಿನ ವಿರಾಜಪೇಟೆಯಲ್ಲಿ ನೆಂಟರಿಗೊಂದು ಪೊಟ್ಟಣ ಕೊಡಬೇಕಿತ್ತು. ಅಮ್ಮ ಕೊಟ್ಟ ಕಾಳುಮೆಣಸು. ಕೊರಿಯರ್ ಮಾಡಿದ್ದರೂ ಆಗುತ್ತಿತ್ತು. ಹೋದೆ. ಅಲ್ಲಿಂದ ಮೈಸೂರು ಬಸ್ಸು ಹತ್ತಿದೆ. ಅದು ಗೋಣಿಕೊಪ್ಪ, ತಿತಿಮತಿ, ಹುಣಸೂರಿನ ಮೇಲೆ ಬರುತ್ತದೆ. ಗೋಣಿಕೊಪ್ಪ ಬಿಡುವಾಗ ಮಳೆ ಜೋರಾಯಿತು, ಕಿಟಕಿ ಮುಚ್ಚಿದರು. ನಾನು ಕೈಯಿಂದ ಗಾಜು ಒರೆಸುತ್ತಾ ಕೂತೆ. ಕಾಡು ಹತ್ತಿರ ಬಂತು.

"ತಿತಿಮತಿ, ತಿತಿಮತಿ. ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದ. ಬಸ್ಸು ಒಂದು ನಿಮಿಷ ನಿಂತಿತು. ಯಾರೂ ಏಳಲಿಲ್ಲ. ಸೀಟಿ ಊದಿದ.